ವಿನೆಗರ್ ವಾಸನೆ

ಹೋದ ತಿಂಗಳು ನಮ್ಮ ಲ್ಯಾಬಿನಲ್ಲಿ ಒಂದು ಸಣ್ಣ ಜಗಳವಾಯಿತು. ಮ್ಯುಆನ್ ಎಂಬ ಕಣಗಳು ಆಕಾಶದಿಂದ ಹಗಲೂ ರಾತ್ರಿ ನಮ್ಮ ಮೇಲೆ ಸುರಿಯುತ್ತಲೇ ಇರುತ್ತವೆ. ಅವುಗಳನ್ನು ಎಣಿಸುವ ಪುಟ್ಟ ಉಪಕರಣವೊಂದನ್ನು ನನ್ನ ಪಿಎಚ್‌.ಡಿ.ಗಾಗಿ ಕಟ್ಟುತ್ತಿದ್ದೇನೆ. ಅದರ ಒಳಗೆ ಫೋಟೋಮಲ್ಟಿಪ್ಲಯರ್ ಎಂಬ ಗಾಜಿನ ಕೊಳವೆಯಿದೆ. ಅದಕ್ಕೆ ಸುಮಾರು ಒಂದೂವರೆ ಸಾವಿರ ವೋಲ್ಟ್ ಕೊಡಬೇಕು. ಕೊಳವೆಯ ಬುಡದ ಸರ್ಕ್ಯೂಟಿನಲ್ಲಿ ಎಲ್ಲೋ ಕರೆಂಟು ಸೋರುತ್ತಿತ್ತು. ಹಾಗಾಗಿ ಕಣ ಬಂದರೂ ಬರದಿದ್ದರೂ ಯಂತ್ರ ಸುಮ್ಮನೆ ಎಣಿಸುತ್ತಾ ಕೂತಿತ್ತು.

'ಅಕ್ಕಾ, ಸಿಲಿಕೋನ್ ಹಚ್ಚಿಬಿಡೋಣ, ಸರಿಹೋಗುತ್ತೆ' ಎಂದ ನಮ್ಮ ಜೂನಿಯರ್ ಹುಡುಗ, ಗೇಟಿನ ಎದುರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹತ್ತೇ ನಿಮಿಷದಲ್ಲಿ ಒಂದು ಟ್ಯೂಬ್ ತಂದ. ಮುಚ್ಚಳ ತಿರುಗಿಸಿ ಮೂತಿ ಕತ್ತರಿಸಿದ. ವಿನೆಗರ್ ವಾಸನೆ ರೂಮಿನ ತುಂಬ ಹರಡಿತು.

ನಾನು ಅವನ ಕೈ ಹಿಡಿದುಕೊಂಡೆ. ಸ್ವಲ್ಪ ಗಟ್ಟಿಯಾಗಿಯೇ ಹಿಡಿದೆ ಅಂತ ಕಾಣುತ್ತದೆ, ಅವನ ಮುಖ ಸಪ್ಪಗಾಯಿತು. 'ಬರೀ ಗಮ್ಮು ತಾನೇ ಅಕ್ಕಾ?' ಅಂದ.

ಬರೀ ಗಮ್ಮು. ಹದಿನಾಲ್ಕನೇ ವಯಸ್ಸಿನಲ್ಲಿ ನಾನೂ ಅದೇ ಮಾತನ್ನು ಮನಸ್ಸಿನಲ್ಲಿ ಅಂದುಕೊಂಡಿದ್ದೆ.

ನಮ್ಮಪ್ಪ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನನಗೆ ಐದು ವರ್ಷ ತುಂಬಿರಲಿಲ್ಲ. ಆಮೇಲೆ ನಾವು ಬಂಗಾರಪೇಟೆಗೆ ಬಂದೆವು. ಸ್ಟೇಷನ್ನಿಗೆ ಹತ್ತಿರದ ಗಲ್ಲಿಯೊಂದರಲ್ಲಿ ಎಂಟು ಅಡಿ ಅಗಲದ ಮಳಿಗೆ ಹಿಡಿದು ಅಪ್ಪ ಟಿವಿ ರಿಪೇರಿ ಅಂಗಡಿ ಹಾಕಿದರು. ಗಣಿ ಬಿಟ್ಟವರಲ್ಲಿ ಎಷ್ಟೋ ಜನ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದರು. ಅಪ್ಪ ಮಾತ್ರ ಆ ರೈಲು ಹತ್ತಲಿಲ್ಲ. 'ಭೂಮಿಯೊಳಗೆ ಇಳಿದಿದ್ದು ಸಾಕು, ಇನ್ನು ರೈಲು ಬೇರೆ ಹತ್ತಿ ಇಳಿಯಲಾ?' ಅನ್ನುತ್ತಿದ್ದರು.

ಕರೆಂಟಿನ ವಿಷಯದಲ್ಲಿ ಅಪ್ಪನಿಗೆ ಒಂದು ಥರದ ವಂಶದ ಅಭಿಮಾನವಿತ್ತು. ಕಾವೇರಿಯ ಕರೆಂಟು ಮೊದಲು ಬಂದಿದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ, ನಮ್ಮ ಗಣಿಗೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ ಶುರುವಾದ ಆ ಯೋಜನೆಯಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳವರೆಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು, 1902ರ ಜೂನ್ 30ರಂದು ವಿದ್ಯುತ್ ಹರಿಸಿದರು. ಜಗತ್ತಿನಲ್ಲೇ ಅಷ್ಟು ದೂರ ಹೋಗುವ ಲೈನುಗಳು ಆಗ ಬೆರಳೆಣಿಕೆಯಷ್ಟು ಇದ್ದವು. ಬೆಂಗಳೂರಿನ ಬೀದಿಗೆ ದೀಪ ಬರಲು 1905 ಆಗಬೇಕಾಯಿತು. ಅಪ್ಪ ಇದನ್ನು ಅಂಗಡಿಗೆ ಬಂದ ಬೆಂಗಳೂರಿನವರಿಗೆಲ್ಲ ತಪ್ಪದೆ ಹೇಳುತ್ತಿದ್ದರು.

ಆ ಲೈನಿನ ವೋಲ್ಟೇಜು ಮೂವತ್ತರಿಂದ ಮೂವತ್ತೈದು ಸಾವಿರ ವೋಲ್ಟ್. ಹಳೇ ಕಾಲದ ದಪ್ಪ ಬೆನ್ನಿನ ಇಪ್ಪತ್ತೊಂದು ಇಂಚಿನ ಕಲರ್ ಟಿವಿಯ ಪಿಕ್ಚರ್ ಟ್ಯೂಬಿಗೆ ಬೇಕಾಗಿದ್ದು ಸುಮಾರು ಇಪ್ಪತ್ತೈದು ಸಾವಿರ. ಹೆಚ್ಚುಕಡಿಮೆ ಅದೇ ಲೆಕ್ಕ. ಕಾಡು ಮೇಡು ದಾಟಿ, ಪಿಂಗಾಣಿ ಇನ್ಸುಲೇಟರುಗಳ ಮೇಲೆ, ಜನರ ಕೈಗೆಟುಕದ ಎತ್ತರದಲ್ಲಿ ಬಂದ ವೋಲ್ಟೇಜನ್ನು ನಾವು ನಡುಮನೆಯ ಸ್ಟ್ಯಾಂಡಿನ ಮೇಲೆ, ಕ್ರೋಷಾ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದೆವು. ಮಧ್ಯೆ ಇದ್ದಿದ್ದು ಒಂದಿಷ್ಟು ರಬ್ಬರು, ಒಂದಿಷ್ಟು ಗಾಜು, ಎಲ್ಓಟಿ ಎಂದು ರಿಪೇರಿಯವರು ಕರೆಯುವ ಟ್ರಾನ್ಸ್‌ಫಾರ್ಮರಿನ ಸುತ್ತ ಎರಕ ಹೊಯ್ದ ಎಪಾಕ್ಸಿ. ಕರೆಂಟಿನ ಪ್ರಮಾಣ ತೀರಾ ಕಡಿಮೆ ಅನ್ನುವುದು ನಿಜ. ಆದರೂ ಸ್ವಿಚ್ ಆರಿಸಿ ಗಂಟೆಗಟ್ಟಲೆ ಆದ ಮೇಲೂ ಆ ಗಾಜಿನ ಟ್ಯೂಬು ಚಾರ್ಜನ್ನು ಹಿಡಿದಿಟ್ಟುಕೊಂಡಿರುತ್ತಿತ್ತು. ಅದಕ್ಕೇ ಅಪ್ಪ ಸ್ಕ್ರೂಡ್ರೈವರಿಗೆ ಅರ್ಥ್ ವೈರು ಸುತ್ತಿ, ರಬ್ಬರ್ ಟೋಪಿಯ ಅಡಿಗೆ ತೂರಿಸಿ, 'ಚಟ್' ಅನ್ನಿಸಿದ ಮೇಲೆಯೇ ಕೈ ಹಾಕುತ್ತಿದ್ದರು. ಒಂದು ಸಲ ಅಲ್ಲ, ಎರಡು ಸಲ.

ಕೆಜಿಎಫ್ ಕಡೆಯಿಂದ ಬರುತ್ತಿದ್ದ ಟಿವಿಗಳಲ್ಲಿ ಒಂದೇ ಕಾಯಿಲೆ ಜಾಸ್ತಿ. ಎಲ್ಓಟಿಯ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು, ಇಲ್ಲವೇ ತಂತಿ ಹೊರಬರುವ ಕಡೆ ಸಡಿಲ. ಕತ್ತಲಲ್ಲಿ ನೋಡಿದರೆ ನೀಲಿ ಮಿಣುಕು, 'ಸುಯ್' ಅನ್ನುವ ಸದ್ದು, ಜೊತೆಗೆ ಓಝೋನಿನ ಚುಚ್ಚುವ ವಾಸನೆ. ಸೈನೈಡ್ ದಿಬ್ಬಗಳ ಧೂಳೇ ಇದಕ್ಕೆ ಕಾರಣ ಅನ್ನುವುದು ಅಪ್ಪನ ಸಿದ್ಧಾಂತ. ಚಿನ್ನ ತೆಗೆದು ಉಳಿದ ಅದಿರಿನ ಪುಡಿ ಬೆಟ್ಟವಾಗಿ ಬಿದ್ದಿದೆಯಲ್ಲ, ಬೇಸಿಗೆಯ ಗಾಳಿಗೆ ಅದು ಎದ್ದು ಮನೆ ಮನೆಗೆ ನುಗ್ಗುತ್ತದೆ. ಆ ಧೂಳು ಎಲ್ಓಟಿಯ ಮೇಲೆ ಕೂತು, ಮಳೆಗಾಲದ ತೇವ ಹೀರಿಕೊಂಡರೆ ಅದೇ ಕರೆಂಟಿಗೆ ದಾರಿ. ಒಂದು ಸಲ ಆ ದಾರಿಯಲ್ಲಿ ಕಿಡಿ ಹರಿದರೆ ಅಲ್ಲಿ ಮಸಿ ಹಿಡಿಯುತ್ತದೆ. ಮಸಿ ಅಂದರೆ ಇಂಗಾಲ, ಇಂಗಾಲ ವಿದ್ಯುತ್ ವಾಹಕ. ಮುಂದಿನ ಸಲ ಕಿಡಿಗೆ ಅದು ರಾಜಮಾರ್ಗ. ಇದನ್ನು ಟ್ರ್ಯಾಕಿಂಗ್ ಅನ್ನುತ್ತಾರೆ ಎಂದು ನನಗೆ ಗೊತ್ತಾಗಿದ್ದು ಎಂ.ಎಸ್ಸಿ.ಯಲ್ಲಿ. ಅಪ್ಪ ಅದನ್ನು 'ಬೇರು ಬಿಟ್ಟೈತೆ' ಅನ್ನುತ್ತಿದ್ದರು. ನೋಡಲೂ ಅದು ಬೇರಿನ ಹಾಗೇ ಕವಲೊಡೆದಿರುತ್ತದೆ.

ಸರಿಯಾದ ಮದ್ದೆಂದರೆ ಹೊಸ ಎಲ್ಓಟಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರಬೇಕು. ಅದಕ್ಕೆ ದುಡ್ಡು ಕೊಡಲಾಗದವರು ಬಹಳ. ಅವರಿಗಾಗಿ ಅಪ್ಪ ಬಿರುಕು ಮುಚ್ಚುತ್ತಿದ್ದರು. ಆ ಮುಚ್ಚುವ ಕೆಲಸದಲ್ಲಿ ಅವರಿಗಿದ್ದಷ್ಟು ಶಿಸ್ತನ್ನು ನಾನು ಆಮೇಲೆ ದೊಡ್ಡ ಲ್ಯಾಬುಗಳಲ್ಲೂ ಕಂಡಿಲ್ಲ. ಮೊದಲು ಬ್ಲೇಡಿನಿಂದ ಮಸಿಯನ್ನು ಪೂರ್ತಿ ಕೆರೆದು ತೆಗೆಯಬೇಕು. ಮಸಿಯ ಮೇಲೆ ಏನು ಹಚ್ಚಿದರೂ ಅದು ಕಳ್ಳನನ್ನು ಒಳಗೇ ಬಿಟ್ಟು ಬಾಗಿಲು ಹಾಕಿದಂತೆ. ಆಮೇಲೆ ಸ್ಪಿರಿಟ್ಟಿನಿಂದ ಒರೆಸಬೇಕು, ಒಣಗಿಸಬೇಕು. ಬೆಸುಗೆಯ ಚೂಪು ತುದಿಗಳಿದ್ದರೆ ಉರುಟು ಮಾಡಬೇಕು, ಯಾಕೆಂದರೆ ಚೂಪಿನ ತುದಿಯಲ್ಲೇ ಕಿಡಿ ಹುಟ್ಟುವುದು. ಇಷ್ಟಾದ ಮೇಲೆ ಗಮ್ಮು.

ಯಾವ ಗಮ್ಮು? ಅಂಗಡಿಯ ಹಲಗೆಯ ಮೇಲೆ ಎಲ್ಲವೂ ಇರುತ್ತಿದ್ದವು. ಅರಾಲ್ಡೈಟ್ ಗಟ್ಟಿ, ಒಳ್ಳೆಯ ಇನ್ಸುಲೇಟರೂ ಹೌದು. ಆದರೆ ಎಲ್ಓಟಿ ದಿನವೂ ಕಾಯುತ್ತದೆ, ಆರುತ್ತದೆ. ಬಿಗಿದ ಎಪಾಕ್ಸಿ ಅದರ ಜೊತೆ ಹಿಗ್ಗಿ ಕುಗ್ಗಲಾರದೆ ಒಂದು ದಿನ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡ ಕಡೆ ಗಾಳಿ. ಗನ್ನಿನಿಂದ ಸುರಿಯುವ ಬಿಸಿ ಅಂಟು ಆ ಕಾವಿಗೆ ಮೆತ್ತಗಾಗುತ್ತದೆ. ಜೇನುಮೇಣ, ಪ್ಯಾರಫಿನ್ ಹಳೇ ರೇಡಿಯೋ ಕಾಲದವು, ಅವೂ ಅಷ್ಟೇ. ಉಳಿದಿದ್ದು ಸಿಲಿಕೋನ್ ರಬ್ಬರು. ಮೆತ್ತಗಿರುತ್ತದೆ, ಕಾವು ತಡೆಯುತ್ತದೆ, ಗಾಜಿಗೂ ಪ್ಲಾಸ್ಟಿಕ್ಕಿಗೂ ಹಿಡಿದುಕೊಳ್ಳುತ್ತದೆ, ಬೇಕೆಂದಾಗ ಬ್ಲೇಡಿನಿಂದ ಕತ್ತರಿಸಿ ತೆಗೆಯಬಹುದು. ಒಂದು ಮಿಲಿಮೀಟರ್ ಗಾಳಿ ಸುಮಾರು ಮೂರು ಸಾವಿರ ವೋಲ್ಟ್ ತಡೆದರೆ ಅಷ್ಟೇ ದಪ್ಪದ ಸಿಲಿಕೋನ್ ಹದಿನೈದು ಇಪ್ಪತ್ತು ಸಾವಿರ ತಡೆಯುತ್ತದೆ.

ಆದರೆ ಸಿಲಿಕೋನಿನಲ್ಲೂ ಎರಡು ಜಾತಿ. ಬಾತ್‌ರೂಮಿನ ಸಿಂಕು, ಕಿಟಕಿ ಗಾಜಿಗೆ ಹಚ್ಚುವ ಅಗ್ಗದ್ದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ವಿನೆಗರ್ ವಾಸನೆ ಅದರದ್ದೇ. ಆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಇನ್ನೊಂದು ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದು. ಅದು ಆಮ್ಲ ಬಿಡುವುದಿಲ್ಲ, ತಾಮ್ರಕ್ಕೆ ತೊಂದರೆಯಿಲ್ಲ. ಬೆಲೆ ಹೆಚ್ಚು, ಆಗ ನಮ್ಮೂರಿನಲ್ಲಿ ಸಿಗುತ್ತಲೂ ಇರಲಿಲ್ಲ. ಕಪ್ಪು ಬಣ್ಣದ್ದನ್ನಂತೂ ಅಪ್ಪ ಮುಟ್ಟುತ್ತಿರಲಿಲ್ಲ, ಬಣ್ಣಕ್ಕೆಂದು ಅದಕ್ಕೆ ಇಂಗಾಲ ಬೆರೆಸಿರಬಹುದು ಎಂದು. ಹಚ್ಚಿದ ಮೇಲೆ ಕಾಯಬೇಕು. ಎರಡೂ ಜಾತಿಯ ಸಿಲಿಕೋನ್ ಗಾಳಿಯ ತೇವವನ್ನು ಹೀರಿಕೊಂಡು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತವೆ, ದಿನಕ್ಕೆ ಎರಡು ಮೂರು ಮಿಲಿಮೀಟರ್. ಒಣ ಬೇಸಿಗೆಯಲ್ಲಿ ಇನ್ನೂ ನಿಧಾನ. ಆಗ ಅಪ್ಪ ಪಕ್ಕದಲ್ಲಿ ಒಂದು ಬಟ್ಟಲು ನೀರಿಡುತ್ತಿದ್ದರು.

'ಗುಳ್ಳೆ ಬಿಡಬ್ಯಾಡ' ಅನ್ನುವುದು ಅವರ ಕೊನೆಯ ಸೂತ್ರ. 'ಗಾಳಿ ಎಲ್ಲಿ ಸಿಕ್ಕಾಕ್ಕೊಂತದೋ ಕರೆಂಟು ಅಲ್ಲೇ ಮನೆ ಮಾಡ್ಕೊಂತದೆ.' ಇದು ಅಕ್ಷರಶಃ ನಿಜ. ಗಟ್ಟಿ ವಸ್ತುವಿನೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಯಲ್ಲಿ ವಿದ್ಯುತ್ ಕ್ಷೇತ್ರ ಸುತ್ತಲಿಗಿಂತ ಹೆಚ್ಚಿರುತ್ತದೆ, ತಡೆಯುವ ಶಕ್ತಿ ಮಾತ್ರ ಸುತ್ತಲಿಗಿಂತ ಎಷ್ಟೋ ಕಡಿಮೆ. ಒಳಗೊಳಗೇ ಕಿಡಿಯಾಡಿ ಗೋಡೆಯನ್ನು ಕೊರೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ.

2011ರ ಮಾರ್ಚ್ ಕೊನೆ. ನನ್ನ ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದಿತ್ತು. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಿಂದ ಒಂದು ಟಿವಿ ಬಂದಿತ್ತು. ಅದು ಅಪ್ಪನಿಗಿಂತ ಹಿರಿಯ ಗಣಿ ಕೆಲಸಗಾರರೊಬ್ಬರದು, ನಾವು ತಾತ ಎಂದೇ ಕರೆಯುತ್ತಿದ್ದೆವು. ಮೂವತ್ತು ವರ್ಷ ಕಲ್ಲು ಕೊರೆದವರು. ಸಿಲಿಕೋಸಿಸ್ ಆಗಿ ಬಾಗಿಲಿಂದ ಬೀದಿಗೆ ನಡೆದರೂ ಏದುಸಿರು. ಅವರಿಗೆ ಉಳಿದಿದ್ದ ಲೋಕವೆಂದರೆ ಆ ಟಿವಿ. ಅಪ್ಪ ಮಸಿ ಕೆರೆದು, ಒರೆಸಿ ಇಟ್ಟಿದ್ದರು. ಒಳ್ಳೆಯ ಗಮ್ಮು ಖಾಲಿಯಾಗಿತ್ತು. 'ನಾನು ಬರೋಗಂಟ ಅದನ್ನ ಮುಟ್ಟಬ್ಯಾಡ' ಎಂದು ಹೇಳಿ, ಸಾಮಾನು ತರಲು ಬೆಂಗಳೂರಿಗೆ ಹೋದವರು ಅಲ್ಲೇ ನೆಂಟರ ಮನೆಯಲ್ಲಿ ಎರಡು ದಿನ ಉಳಿದರು.

ಮಾರ್ಚ್ 29ರ ಮಧ್ಯಾಹ್ನ ತಾತನ ಮಗ ಬಂದ. ಮರುದಿನ ಮೊಹಾಲಿಯಲ್ಲಿ ಭಾರತ, ಪಾಕಿಸ್ತಾನದ ವಿಶ್ವಕಪ್ ಸೆಮಿಫೈನಲ್. 'ಅಪ್ಪ ಒಂದೇ ಸಮನೆ ಕೇಳ್ತಾವ್ರೆ, ಏನಾದ್ರೂ ಮಾಡಮ್ಮ' ಅಂದ. ಏನಾದರೂ ಮಾಡಬಲ್ಲವಳು ಎಂದು ಯಾರಾದರೂ ನನ್ನನ್ನು ನಂಬಿದ್ದು ಅದೇ ಮೊದಲು. ಸಂಜೆ ಬಾ ಎಂದೆ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬಾತ್‌ರೂಮ್ ಸಿಲಿಕೋನ್ ತಂದೆ. ವಿನೆಗರ್ ವಾಸನೆ ಬಂತು. ಅಪ್ಪ ಹೇಳಿದ್ದು ನೆನಪಿತ್ತು, ಇಲ್ಲವೆಂದು ಹೇಳಲಾರೆ. ಬರೀ ಗಮ್ಮು ತಾನೇ ಅಂದುಕೊಂಡೆ. ಜಾಸ್ತಿ ಹಚ್ಚಿದರೆ ಜಾಸ್ತಿ ಭದ್ರ ಎಂದು ಬೆರಳು ದಪ್ಪ ಮೆತ್ತಿದೆ. ಎರಡು ಗಂಟೆಯಲ್ಲಿ ಮೇಲೆ ಚರ್ಮ ಕಟ್ಟಿತು. ಟಿವಿ ಹಾಕಿದರೆ ಸದ್ದಿಲ್ಲ, ಕಿಡಿಯಿಲ್ಲ, ಚಿತ್ರ ಕನ್ನಡಿಯ ಹಾಗೆ. ಇನ್ನೂರು ರೂಪಾಯಿ ತೆಗೆದುಕೊಂಡೆ.

ಅಪ್ಪ ಬಂದ ಮೇಲೆ ಕೇಳಿದರು: 'ಯಾವ ಗಮ್ಮು ಹಾಕ್ದೆ?'

'ಟ್ಯೂಬಲ್ಲಿ ಒಂಚೂರು ಉಳಿದಿತ್ತಪ್ಪ.'

'ಒಣಗಾಕೆ ಬಿಟ್ಟಿದ್ಯಾ?'

'ಒಂದು ದಿನ.'

ಒಂದೇ ಉಸಿರಿನಲ್ಲಿ ಎರಡು ಸುಳ್ಳು. ಭಾರತ ಸೆಮಿಫೈನಲ್ ಗೆದ್ದಿತು. ಏಪ್ರಿಲ್ 2ಕ್ಕೆ ಫೈನಲ್ಲೂ ಗೆದ್ದಿತು. ಬಂಗಾರಪೇಟೆಯಲ್ಲಿ ರಾತ್ರಿಯಿಡೀ ಪಟಾಕಿ. ಆ ಪಟಾಕಿಗಳಲ್ಲಿ ನನ್ನದೂ ಒಂದು ಪಾಲಿದೆ ಅನ್ನಿಸಿತ್ತು.

ಏಪ್ರಿಲ್ ಮಧ್ಯದಲ್ಲಿ ಫೋನ್ ಬಂತು, ಚಿತ್ರ ಹೋಗಿದೆ ಎಂದು. ಅಪ್ಪ ಚೀಲ ತೆಗೆದುಕೊಂಡು, 'ನೀನೂ ಬಾ' ಅಂದರು. ಮಾರಿಕುಪ್ಪಂ ಗಾಡಿ ಹತ್ತಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದೆವು. ದಿಬ್ಬದ ಕಡೆಯಿಂದ ಬಿಳಿ ಧೂಳು ಏಳುತ್ತಿತ್ತು. ತಾತನ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಬಾಗಿಲು ತೆರೆದ ಕೂಡಲೇ ಆ ವಾಸನೆ ಮೂಗಿಗೆ ಹೊಡೆಯಿತು. ವಿನೆಗರ್ ಅಲ್ಲ, ಓಝೋನ್.

ಒಂದು ವಾರದಿಂದ ಇದೆ ಅಂದರು ಸೊಸೆ. ಜೊತೆಗೇ ಮಾವನ ಕೆಮ್ಮೂ ಹೆಚ್ಚಾಗಿತ್ತಂತೆ. ಧೂಳಿನಿಂದ ಇರಬೇಕೆಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದ್ದರು. ಮುಚ್ಚಿದ ಕೋಣೆಯಲ್ಲಿ ಟಿವಿಯಿಂದ ನಾಲ್ಕಡಿ ದೂರದಲ್ಲಿ ತಾತ ದಿನವೆಲ್ಲ ಕೂತಿದ್ದರು. ಓಝೋನ್ ಆರೋಗ್ಯವಂತರ ಗಂಟಲನ್ನೇ ಕೆರೆಯುತ್ತದೆ. ತಾತನ ಶ್ವಾಸಕೋಶ ಆಗಲೇ ಕಲ್ಲಾಗಿತ್ತು.

'ವಾಸನೆ ಬಂದಾಗ ಆಫ್ ಮಾಡಬಾರದಾ ತಾತ?' ಎಂದು ಅಪ್ಪ ಕೇಳಿದರು.

'ಒಳಗೆ ಇದಕ್ಕಿಂತ ಕೆಟ್ಟ ಗಾಳಿ ಕುಡಿದಿಲ್ವೇನಪ್ಪ ನಾವು' ಎಂದು ತಾತ ನಕ್ಕರು. ನಗು ಕೆಮ್ಮಾಯಿತು. ಆ ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅಪ್ಪ ಟಿವಿ ಬಿಚ್ಚಿದರು. ಎರಡು ಸಲ 'ಚಟ್' ಅನ್ನಿಸಿದರು. ಬ್ಲೇಡ್ ತೆಗೆದು ನಾನು ಹಚ್ಚಿದ್ದ ಗಡ್ಡೆಯನ್ನು ಉದ್ದಕ್ಕೆ ಸೀಳಿದರು. ಹೊರಗೆ ರಬ್ಬರು, ಒಳಗೆ ಇನ್ನೂ ಬೆಣ್ಣೆ. ಎರಡು ವಾರ ಕಳೆದರೂ ವಿನೆಗರ್ ವಾಸನೆ ಹಾಗೇ ಇತ್ತು. ತಂತಿಯ ತುದಿ ಹಸಿರುಗಟ್ಟಿತ್ತು. ಗುಳ್ಳೆಯಿಂದ ಗುಳ್ಳೆಗೆ ಹಾರುತ್ತಾ ಸಣ್ಣದೊಂದು ಕಪ್ಪು ಬೇರು ಹೊರಗಿನವರೆಗೂ ಬಂದಿತ್ತು.

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ಬಯ್ಯುತ್ತಾರೆ ಎಂದು ಕಾದೆ. ಅವರು ತಾತನ ಕಡೆ ತಿರುಗಿ, 'ತಪ್ಪು ನಮ್ಮದು ತಾತ. ಹಾಕಬಾರದ ಗಮ್ಮು ಹಾಕಿದೀವಿ, ಒಣಗೋಕೂ ಬಿಟ್ಟಿಲ್ಲ. ಕಿಟಕಿ ತೆಗೀರಿ ಮೊದಲು' ಅಂದರು. 'ಹಾಕಿದೀವಿ' ಅಂದರು. ನಾನು ಬಾಯಿ ತೆರೆದು 'ನಾನು' ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಹೊಸ ಎಲ್ಓಟಿಯನ್ನು ಅಪ್ಪ ಬಿಟ್ಟಿಯಾಗಿ ಹಾಕಿಕೊಟ್ಟರು. ವಾಪಸ್ ಬರುವಾಗ ರೈಲಿನಲ್ಲಿ ಏನೂ ಮಾತಾಡಲಿಲ್ಲ. ಮರುದಿನ ಅಂಗಡಿಯಲ್ಲಿ ಒಂದು ಸುರುಳಿ ಕಾಗದದ ಟೇಪು ತಂದಿಟ್ಟು ಹೇಳಿದರು: ಇನ್ನು ಮೇಲೆ ಗಮ್ಮು ಹಚ್ಚಿದ ಪ್ರತಿ ಸೆಟ್ಟಿಗೂ ಯಾವ ಗಮ್ಮು, ಎಷ್ಟು ಗಂಟೆಗೆ, ಯಾರು ಹಚ್ಚಿದ್ದು ಅಂತ ಬರೆದು ಅಂಟಿಸಬೇಕು. ಮೊದಲ ಚೀಟಿಯಲ್ಲಿ ಅವರು ತಮ್ಮದೇ ಹೆಸರು ಬರೆದರು. ಎರಡನೆಯದರಲ್ಲಿ ನನ್ನದು. ನನಗೆ ಮತ್ತೆ ಕೆಲಸ ಕೊಟ್ಟಿದ್ದರು ಅನ್ನುವುದು ಅರ್ಥವಾಗಲು ಒಂದೆರಡು ದಿನ ಬೇಕಾಯಿತು.

ತಾತ ಮರು ವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಮೂವತ್ತು ವರ್ಷದ ಕಲ್ಲುಧೂಳಿನ ಮುಂದೆ ಒಂದು ವಾರದ ಓಝೋನ್ ಏನೇನೂ ಅಲ್ಲ. ಆ ಸಾವಿಗೂ ನನ್ನ ಗಮ್ಮಿಗೂ ಗಂಟು ಹಾಕಿದರೆ ಅದು ವಿಜ್ಞಾನವಾಗುವುದಿಲ್ಲ, ಇದು ನನಗೆ ಗೊತ್ತು. ಆದರೆ ಆ ವಾರ ಅವರು ಹೆಚ್ಚಾಗಿ ಕೆಮ್ಮಿದ್ದಕ್ಕೂ ನನಗೂ ಸಂಬಂಧವಿಲ್ಲ ಎಂದು ಹೇಳಲು ಬರುವುದಿಲ್ಲ. ಅವರ ಮುಂದೆ ಆ ಮಾತನ್ನು ಒಪ್ಪಿಕೊಳ್ಳುವ ಅವಕಾಶ ಒಂದು ವರ್ಷ ಪೂರ್ತಿ ಇತ್ತು. ನಾಲ್ಕೈದು ಸಲ ಆ ಮನೆಗೆ ಹೋಗಿದ್ದೆ, ಕಾಫಿ ಕುಡಿದಿದ್ದೆ.

ಆಮೇಲೆ ನಾನು ಭೌತಶಾಸ್ತ್ರ ಓದಲು ಬಂದೆ. ಇಲ್ಲಿಗೆ ಬಂದ ಮೇಲೆ ತಿಳಿದಿದ್ದು, ಅಪ್ಪ ಕೆಲಸ ಮಾಡಿದ ಅದೇ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರ ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದಿದ್ದರು ಎಂದು. ಜಗತ್ತಿನಲ್ಲೇ ಅವು ಮೊದಲು ಕಂಡದ್ದು ಆ ವರ್ಷ, ನಮ್ಮೂರಿನಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ. ಅವರ ಉಪಕರಣದಲ್ಲೂ ಇದ್ದಿದ್ದು ಸಿಂಟಿಲೇಟರ್ ಹಲಗೆಗಳು, ಫೋಟೋಮಲ್ಟಿಪ್ಲಯರುಗಳು, ಹೈವೋಲ್ಟೇಜ್ ಹೊಡೆತಕ್ಕೆ ಮಿನುಗುವ ನಿಯಾನ್ ಕೊಳವೆಗಳು. ಅಪ್ಪನಿಗೆ ಹೇಳಿದರೆ, 'ಓ, ಅವರಾ? ನಾನು ಸೇರಿದ ಮೇಲೂ ಇದ್ರು. ಪೆಟ್ಟಿಗೆ ಹಿಡ್ಕೊಂಡು ನಮ್ಮ ಜೊತೇಲೇ ಕೇಜಲ್ಲಿ ಇಳೀತಿದ್ರು' ಅಂದರು. ಅಷ್ಟು ಆಳದ ತಿಂಗಳುಗಟ್ಟಲೆ ಎಣಿಕೆಯಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಗುರುತುಗಳು. ಅಂಥ ಲೆಕ್ಕದಲ್ಲಿ ಸೋರಿಕೆಯ ಒಂದು ಕಿಡಿಯನ್ನು ಕಣವೆಂದು ಬರೆದುಕೊಂಡರೆ ಎಲ್ಲವೂ ಸುಳ್ಳಾಗುತ್ತದೆ.

ನನ್ನ ಮೊನ್ನೆಯ ಸಮಸ್ಯೆಯೂ ಅದೇ. ಸರ್ಕ್ಯೂಟನ್ನು ಮತ್ತೆ ಬಿಚ್ಚಿದೆವು. ಮೊದಲು ಕೆರೆದೆವು, ಒರೆಸಿದೆವು, ಎರಡು ಚೂಪು ಬೆಸುಗೆಗಳನ್ನು ಉರುಟು ಮಾಡಿದೆವು. ನ್ಯೂಟ್ರಲ್ ಕ್ಯೂರ್ ಟ್ಯೂಬು ತರಿಸಲು ನಾಲ್ಕು ದಿನ ಹಿಡಿಯಿತು. ತೆಳುವಾಗಿ ಒಂದು ಪದರ, ಒಂದು ದಿನ ಬಿಟ್ಟು ಇನ್ನೊಂದು. ಬೇಸಿಗೆಯಾದ್ದರಿಂದ ಪಕ್ಕದಲ್ಲಿ ಒಂದು ಬೀಕರ್ ನೀರಿಟ್ಟೆ. ಗೈಡ್‌ಗೆ ತೋರಿಸಬೇಕಿದ್ದ ಅಂಕಿಅಂಶ ಒಂದು ವಾರ ತಡವಾಯಿತು. ಈ ಹಿಂದೆ ತೆಗೆದುಕೊಂಡಿದ್ದ ಎರಡು ತಿಂಗಳ ಅಂಕಿಗಳಲ್ಲೂ ಸೋರಿಕೆ ಬೆರೆತಿರಬಹುದು, ಅವನ್ನು ಬಿಡಬೇಕಾಗುತ್ತದೆ ಎಂದು ಅವರಿಗೆ ಬರೆದೆ. ಬರೆದ ಮೇಲೆ ಕಳಿಸುವ ಗುಂಡಿಯನ್ನು ಒತ್ತಲು ಅರ್ಧ ಗಂಟೆ ಬೇಕಾಯಿತು.

ಜೂನಿಯರ್ ಹುಡುಗ ಕಾಗದದ ಟೇಪಿನ ಮೇಲೆ ಗಂಟೆ ಬರೆದ, ಗಮ್ಮಿನ ಹೆಸರು ಬರೆದ. 'ಯಾರು ಹಚ್ಚಿದ್ದು ಅಂತ ಬರೀಲಿ ಅಕ್ಕಾ? ಇಬ್ಬರೂ ಅಲ್ವಾ?' ಎಂದು ಕೇಳಿದ.

ನನ್ನ ಹೆಸರು ಬರಿ, ಅಂದೆ.